ಅಳೆಯಲು ಬಂದವರನ್ನು ಗೇಟಿನಲ್ಲೇ ತಡೆಯಬೇಡಿ

ಬಾಟಲಿಯಲ್ಲಿ ನೀರು ಹಿಡಿದುಕೊಂಡು ಬರುವವರನ್ನು ಕಂಡರೆ ನನಗೆ ಅರ್ಧ ಕನಿಕರ, ಅರ್ಧ ಸಿಟ್ಟು. ‘ಸರ್, ಕಲ್ಲಿದ್ದಲು ಗಣಿ ಬಂದಮೇಲೆ ಬಾವಿ ಹೀಗಾಯಿತು, ಟೆಸ್ಟ್ ಮಾಡಿ ಬರೆದುಕೊಡಿ’ ಅನ್ನುತ್ತಾರೆ. ಟೆಸ್ಟ್ ಮಾಡುತ್ತೇನೆ. ಸಲ್ಫೇಟ್ ಹೆಚ್ಚಿದೆ, ಕಬ್ಬಿಣ ಹೆಚ್ಚಿದೆ ಎಂದು ಬರೆಯುತ್ತೇನೆ. ಅದು ಗಣಿಯಿಂದಲೇ ಆಯಿತು ಎಂದು ಮಾತ್ರ ಬರೆಯಲಾರೆ. ಗಣಿ ಬರುವ ಮುಂಚೆ ಆ ನೀರು ಹೇಗಿತ್ತು ಎಂಬುದಕ್ಕೆ ಒಂದು ಚೀಟಿಯೂ ಇರುವುದಿಲ್ಲ.

ಮೊದಲು ಯಾರೂ ಅಳೆಯಲಿಲ್ಲವೇ ಎಂದು ಕೇಳಿದರೆ ಸಿಗುವ ಉತ್ತರವೇ ಈ ಬರಹಕ್ಕೆ ಕಾರಣ: ‘ಕಂಪನಿಯವರು ಬಂದಿದ್ದರು ಸರ್, ನಾವೇ ಒಳಗೆ ಬಿಡಲಿಲ್ಲ.’ ಹೇಳುವಾಗ ದನಿಯಲ್ಲಿ ಹೆಮ್ಮೆ ಬೇರೆ.

ಕಂಪನಿಯ ಮೇಲಿನ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕಲ್ಲಿದ್ದಲಿನ ಪದರವೇ ಎಷ್ಟೋ ಕಡೆ ನೀರು ಹೊತ್ತ ಪದರ. ಅದರ ಹತ್ತಿರದ ಬಾವಿಯಲ್ಲಿ ಯಾರೂ ಅಗೆಯದಿದ್ದರೂ ಕಬ್ಬಿಣ, ಉಪ್ಪು, ಸಲ್ಫೇಟ್ ಒಂದಿಷ್ಟು ಇರಬಹುದು. ಮಳೆ ಕೈಕೊಟ್ಟ ವರ್ಷ ಗಣಿಯಿಲ್ಲದ ಊರಿನ ಬಾವಿಯೂ ಇಳಿಯುತ್ತದೆ. ಹಳೆಯ ಅಳತೆ ಇಲ್ಲದಿದ್ದರೆ, ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಏನು ಸಂಬಂಧ ಎಂದು ಎದುರು ವಕೀಲರು ಕೇಳುತ್ತಾರೆ. ನನ್ನ ಹತ್ತಿರ ಉತ್ತರವಿರುವುದಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1994ರಲ್ಲಿ ಒಂದು ಕಾನೂನು ಬಂತು. ಭೂಗತ ಗಣಿಯ ಅಂಚಿನಿಂದ ಲಂಬಕ್ಕೆ 35 ಡಿಗ್ರಿ ಓರೆಯಾಗಿ ನೆಲದವರೆಗೆ ಗೆರೆ ಎಳೆದರೆ ಅದರೊಳಗೆ ಬರುವ ಬಾವಿ ಕೆಟ್ಟರೆ, ಗಣಿಯೇ ಕೆಡಿಸಿತು ಎಂದು ಮೊದಲಿಗೆ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಕಂಪನಿಯದು. ರೈತರ ಪರವಾದ ಕಾನೂನೇ. ಆದರೆ ಅಳೆಯಲು ಬಂದವರನ್ನು ಜಮೀನಿನವರೇ ಒಳಗೆ ಬಿಡಲಿಲ್ಲವೆಂದು ಕಂಪನಿ ಸಾಬೀತುಪಡಿಸಿದರೆ ಈ ರಕ್ಷಣೆ ಅವರ ಕೈತಪ್ಪುತ್ತದೆ. ನಿಮ್ಮಲ್ಲಿನ ಕಾನೂನು ಬೇರೆಯಿರಬಹುದು, ಅದನ್ನು ವಕೀಲರನ್ನೇ ಕೇಳಿ. ಅಳತೆಯ ವಿಷಯ ಮಾತ್ರ ಎಲ್ಲ ಕಡೆಯೂ ಒಂದೇ.

ಹಾಗಂತ ಕಂಪನಿಯ ಅಳತೆಯೊಂದನ್ನೇ ನಂಬಿ ಕೂರಿ ಎನ್ನುತ್ತಿಲ್ಲ. ಮಳೆಗಾಲ ಮುಗಿದ ಕೂಡಲೇ, ನೀರು ಎಲ್ಲಕ್ಕಿಂತ ಚೆನ್ನಾಗಿರುವ ವಾರದಲ್ಲಿ ಒಂದೇ ಸ್ಯಾಂಪಲ್ ತೆಗೆದು ದಪ್ಪ ವರದಿ ಬರೆಸುವವರನ್ನೂ ನೋಡಿದ್ದೇನೆ. ಅದು ನಾಳೆ ನಿಮಗೂ ಆಗದು, ಅವರಿಗೂ ಆಗದು. ಕಡಿಮೆಯೆಂದರೆ ಒಂದು ಪೂರ್ತಿ ವರ್ಷ ಬೇಕು, ಬೇಸಿಗೆಯೂ ಮಳೆಗಾಲವೂ ಅದರಲ್ಲಿ ಬರಬೇಕು. ಬಾವಿಯ ಕಟ್ಟೆಯ ಮೇಲೆ ಅಳಿಸದಂಥ ಒಂದು ಗುರುತು ಹಾಕಿ. ಬೆಳಿಗ್ಗೆ ಮೋಟರ್ ಹಾಕುವ ಮುಂಚೆ ಆ ಗುರುತಿನಿಂದಲೇ ಟೇಪು ಬಿಟ್ಟು ನೀರಿನ ಮಟ್ಟ ನೋಡಿ, ತಾರೀಖಿನ ಜೊತೆ ಬರೆದಿಡಿ. ಮೋಟರ್ ಓಡಿದ ಮೇಲಿನ ಮಟ್ಟ ಬೇರೆ, ನಿಂತ ನೀರಿನ ಮಟ್ಟ ಬೇರೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಿ ತಂದರೆ ನಾನು ತಲೆ ಚಚ್ಚಿಕೊಳ್ಳಬೇಕು. ಗಣಿಯ ಪ್ರಭಾವ ತಲುಪಲಾರದಷ್ಟು ದೂರದಲ್ಲಿ, ಅದೇ ಬಗೆಯ ಕಲ್ಲಿನಲ್ಲಿರುವ ಇನ್ನೊಂದು ಬಾವಿಯನ್ನೂ ಅದೇ ದಿನ ಅಳೆಯಿರಿ. ಎರಡೂ ಸಮಕ್ಕೆ ಇಳಿದರೆ ಬಹುಶಃ ಮಳೆಯ ಕೊರತೆ. ನಿಮ್ಮದೊಂದೇ ಇಳಿಯುತ್ತಾ ಹೋದರೆ ಮಾತು ಬೇರೆ.

ಬದಲಾವಣೆ ಕೂಡಲೇ ಕಾಣುವುದೂ ಇಲ್ಲ. ತೆರೆದ ಗಣಿಯ ತಳ ಒಣಗಿರಬೇಕೆಂದು ಹಗಲು ರಾತ್ರಿ ಪಂಪ್ ಮಾಡುತ್ತಾರೆ, ಸುತ್ತಲಿನ ಅಂತರ್ಜಲ ಆ ಗುಂಡಿಯ ಕಡೆಗೆ ವಾಲುತ್ತದೆ. ಆ ಇಳಿಜಾರು ನಿಮ್ಮ ಬಾವಿ ಮುಟ್ಟಲು ವರ್ಷಗಳೇ ಹಿಡಿಯಬಹುದು. ಭೂಗತ ಗಣಿಯಲ್ಲಿ ಹಾಗಲ್ಲ. ಮೇಲಿನ ನೆಲ ಕುಸಿದು ಬಿರುಕು ಬಿಟ್ಟರೆ ಬಾವಿ ಕೆಲವೇ ದಿನಗಳಲ್ಲಿ ಬತ್ತಬಹುದು.

ಒಬ್ಬ ರೈತ ಮಹಿಳೆಯ ಹತ್ತಿರ ನೀರಿನ ಮಟ್ಟದ ದಾಖಲೆ ಏನೂ ಇರಲಿಲ್ಲ. ‘ಕರೆಂಟ್ ಬಿಲ್ ಇದೆ, ಆಗುತ್ತಾ?’ ಎಂದು ಸಂಕೋಚದಿಂದ ಕೇಳಿದರು. ಪಂಪಿಗೆ ಬೇರೆ ಮೀಟರು, ಬಿಲ್ಲುಗಳನ್ನೆಲ್ಲ ಜೋಡಿಸಿಟ್ಟಿದ್ದರು, ಜಮೀನೂ ಬೆಳೆಯೂ ಬದಲಾಗಿರಲಿಲ್ಲ. ಆಳದಿಂದ ಎತ್ತಬೇಕಾದಷ್ಟೂ ಯೂನಿಟ್ ಏರುತ್ತದೆ. ಗಟ್ಟಿ ಸಾಕ್ಷ್ಯವೆಂದು ಹೇಳಲಾರೆ, ಪಂಪು ಹಳತಾದರೂ ಬಿಲ್ಲು ಏರೀತು. ಆದರೂ ಕೈಬೀಸಿಕೊಂಡು ಬಂದವರ ಮುಂದೆ ಆಕೆ ಎಷ್ಟೋ ವಾಸಿ.

ನೀರು ಎಷ್ಟು ಆಮ್ಲೀಯ ಎಂದು ತೋರಿಸುವ ಪಿಎಚ್ ಕಾಗದದ ಬಗ್ಗೆ ಒಂದು ಮಾತು. ಕಲ್ಲಿದ್ದಲಿನ ಜೊತೆಗಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ, ನೀರು ತಾಗಿದಾಗ ಆಮ್ಲ, ಕಬ್ಬಿಣ, ಸಲ್ಫೇಟ್ ಹುಟ್ಟುತ್ತವೆ. ಹಾದಿಯಲ್ಲಿ ಸುಣ್ಣದ ಕಲ್ಲು ಸಿಕ್ಕರೆ ಆಮ್ಲ ತಣಿದು ಪಿಎಚ್ 7ರ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಹತ್ತಿರ ಬರುತ್ತದೆ, ಸಲ್ಫೇಟ್ ಬಹುಪಾಲು ಹಾಗೇ ಉಳಿಯುತ್ತದೆ. ಕಾಗದ ಚೆನ್ನಾಗಿದೆ ಎಂದಿತೆಂದು ಸುಮ್ಮನಾಗಬೇಡಿ. ಕರಗಿದ ಲವಣ ಎಷ್ಟಿದೆ ಎಂದು ಸೂಚಿಸುವ ವಿದ್ಯುತ್ ವಾಹಕತೆಯನ್ನೂ ಸಲ್ಫೇಟನ್ನೂ ನೋಡಿಸಿ. ನೀರಾವರಿಗಾದರೆ ಸೋಡಿಯಂ ಕೂಡ ಬೇಕು. ಜೇಡಿಮಣ್ಣಿಗೆ ಸೋಡಿಯಂ ಹೆಚ್ಚಾದರೆ ಕಣಗಳು ಬಿಡಿಬಿಡಿಯಾಗಿ ಮೇಲ್ಮೈ ಬಿಗಿದುಕೊಳ್ಳುತ್ತದೆ, ಹಾಯಿಸಿದ ನೀರು ಇಂಗದೆ ನಿಲ್ಲುತ್ತದೆ. ಹಾಗಾಗಿ ಮಣ್ಣನ್ನೂ ಮೊದಲೇ ಪರೀಕ್ಷೆ ಮಾಡಿಸಿಡಿ, ಮೇಲ್ಮಣ್ಣು ಬೇರೆ, ಕೆಳಗಿನದು ಬೇರೆಯಾಗಿ.

ಕಂಪನಿಯವರು ಅಳೆಯಲು ಬಂದಾಗ ಜೊತೆಗೇ ನಿಲ್ಲಿ. ಅದೇ ಹೊತ್ತಿಗೆ ಅದೇ ನೀರಿನ ಇನ್ನೊಂದು ಬಾಟಲಿ ತುಂಬಿ, ನಿಮ್ಮ ಖರ್ಚಿನಲ್ಲಿ ಬೇರೆ ಲ್ಯಾಬಿಗೆ ಕಳಿಸಿ. ಅವರ ಹಾಳೆಯ ಪ್ರತಿಯನ್ನು ಸಹಿ ಸಮೇತ ಕೇಳಿ ಪಡೆಯಿರಿ. ಗಣಿ ಮುಚ್ಚಿತೆಂದು ಅಳತೆಯ ಪುಸ್ತಕವನ್ನು ಅಟ್ಟಕ್ಕೆ ಹಾಕಬೇಡಿ. ಪಂಪು ನಿಂತ ಮೇಲೆ ಒಳಗಿನ ನೀರು ನಿಧಾನವಾಗಿ ಏರುತ್ತದೆ. ಕೆಟ್ಟ ನೀರು ಹೊರಗೆ ಬರುವುದು ಎಷ್ಟೋ ಸಲ ಆಗಲೇ, ಕಂಪನಿಯ ಬೋರ್ಡು ಇಳಿಸಿ ವರ್ಷಗಳಾದ ಮೇಲೆ.