ಖುಲಾಸೆ ಅಂತ ಎಲ್ಲಾದಕ್ಕೂ ಬರೀಬೇಡಿ

"ಜಾಮೀನಿನ ಮೇಲೆ ಖುಲಾಸೆ" ಅನ್ನೋ ಹೆಡ್‌ಲೈನ್ ಮತ್ತೆ ಕಣ್ಣಿಗೆ ಬಿತ್ತು. ಜಾಮೀನು ಸಿಕ್ಕಿದವನು ಜೈಲಿಂದ ಹೊರಗೆ ಬರ್ತಾನೆ, ಕೇಸಿಂದಲ್ಲ ಮಾರಾಯ್ರೆ, ಮುಂದಿನ ತಾರೀಕಿಗೆ ಮತ್ತೆ ಕೋರ್ಟಿಗೆ ಅಲೀಬೇಕು.

ಪದದ ಬೇರು ಅರಬ್ಬಿಯಲ್ಲಿದೆ, ಖ-ಲ-ಸ ಅನ್ನೋ ಧಾತು, ಶುದ್ಧವಾಗೋದು, ಬಿಡುಗಡೆಯಾಗೋದು ಎಲ್ಲಾ ಅದರ ಸುತ್ತಾನೇ. ಖುಲಾಸಾ ಅಂದ್ರೆ ಮೂಲದಲ್ಲಿ ಸಾರ, ಉರ್ದುವಲ್ಲಿ ಈಗ್ಲೂ ಸಾರಾಂಶ ಅಂತಲೇ ಅರ್ಥ. ಮರಾಠಿಗೆ ಬಂದಾಗ ಸ್ಪಷ್ಟೀಕರಣ ಆಯ್ತು, ಹಿಂದಿ ಟಿವಿಯವರ ಬಾಯಲ್ಲಿ ಗುಟ್ಟು ಬಯಲು ಮಾಡೋದಾಯ್ತು, ಕನ್ನಡದಲ್ಲಿ ಮಾತ್ರ ಕೋರ್ಟು ಆರೋಪದಿಂದ ಬಿಡಿಸೋದು ಅಂತ ಗಟ್ಟಿಯಾಗಿ ಕೂತ್ಕೊಂಡಿದೆ. ಕಥೆ ಖಲಾಸ್ ಅಂತೀವಲ್ಲ, ಆ ಖಲಾಸೂ ಇದರ ದಾಯಾದಿನೇ. ಈಗ ಹಿಂದಿ ಸುದ್ದಿನ ಅವಸರದಲ್ಲಿ ಕನ್ನಡಕ್ಕೆ ತರೋರು "ಕೊಲೆ ಕೇಸಲ್ಲಿ ಪೊಲೀಸರಿಂದ ಖುಲಾಸೆ" ಅಂತ ಬರೆದ್ರೆ, ಗುಟ್ಟು ರಟ್ಟಾಯ್ತು ಅನ್ನೋ ಸುದ್ದಿ ಪೊಲೀಸರೇ ಆರೋಪಿನ ಬಿಟ್ಟು ಕಳಿಸಿದ್ರು ಅಂತಾಗುತ್ತೆ!

ಪೊಲೀಸರು ಖುಲಾಸೆ ಮಾಡೋಕಾಗಲ್ಲ. ಅವರು ಹಾಕೋದು ಬಿ ರಿಪೋರ್ಟು, ಅಂದ್ರೆ ಆರೋಪಕ್ಕೆ ಆಧಾರ ಸಿಕ್ಕಿಲ್ಲ, ಕೇಸು ಮುಗಿಸಿ ಅಂತ ಕೋರ್ಟಿಗೆ ಕೊಡೋ ವರದಿ, ಅದನ್ನೂ ಮ್ಯಾಜಿಸ್ಟ್ರೇಟ್ ಒಪ್ಪಲೇಬೇಕು ಅಂತೇನಿಲ್ಲ. ಪೇಪರಿನವರು ಇದಕ್ಕೇ ಕ್ಲೀನ್ ಚಿಟ್ ಅನ್ನೋದು.

ಡಿಸ್ಚಾರ್ಜ್ ಇನ್ನೊಂದು, ಮೇಲ್ನೋಟಕ್ಕೇ ಆಧಾರ ಇಲ್ಲ ಅಂತ ಕೋರ್ಟು ಆರೋಪ ಹೊರಿಸದೇ ಕೈಬಿಡೋದು, ಮುಂದೆ ಹೊಸ ಸಾಕ್ಷ್ಯ ಸಿಕ್ಕಿದ್ರೆ ಮತ್ತೆ ಎಳೀಬಹುದು. ವಿಚಾರಣೆ ಮುಗಿದು ಖುಲಾಸೆ ಆದವನ ಮೇಲೆ ಸರ್ಕಾರ ಅಪೀಲು ಹೋಗಬಹುದು, ಆ ತೀರ್ಪು ನಿಂತಿರೋವರೆಗೂ ಅದೇ ಅಪರಾಧಕ್ಕೆ ಇನ್ನೊಂದು ಸಲ ವಿಚಾರಣೆ ಮಾಡೋ ಹಾಗಿಲ್ಲ. ಕ್ರಿಮಿನಲ್ ಕೇಸು ಹೇಗೆ ನಡೀಬೇಕು ಅಂತ ಹೇಳೋ ಹಳೇ ಕಾಯ್ದೆ ಸಿಆರ್‌ಪಿಸಿಯ 300ನೇ ಸೆಕ್ಷನ್, ಅದರ ಜಾಗಕ್ಕೆ ಬಂದಿರೋ ಈಗಿನ ಬಿಎನ್‌ಎಸ್‌ಎಸ್‌ನ 337, ಎರಡರ ವಿವರಣೆಯಲ್ಲೂ ಡಿಸ್ಚಾರ್ಜ್ ಖುಲಾಸೆ ಅಲ್ಲ ಅಂತ ಬಿಡಿಸಿ ಬರೆದಿದ್ದಾರೆ, ಓದೋರು ಬೇಕಷ್ಟೆ.

ನಂಗೆ ಜಾಸ್ತಿ ಸಿಟ್ಟು ಬರೋದು "ಸಾಕ್ಷ್ಯದ ಕೊರತೆಯಿಂದ ಬಚಾವಾದ" ಅನ್ನೋ ಧಾಟಿಗೆ. ಸಾಕ್ಷ್ಯ ಸಾಲದೇ ಇದ್ರೆ ಬಿಡಬೇಕು ಅನ್ನೋದೇ ಕಾನೂನು, ನಾನು ನಿರಪರಾಧಿ ಅಂತ ಸಾಬೀತು ಮಾಡೋ ಹೊಣೆ ಸಾಮಾನ್ಯವಾಗಿ ಆರೋಪಿ ಮೇಲಿರಲ್ಲ. "ಗೌರವಯುತ ಖುಲಾಸೆ" ಅಂತ ಒಂದು ಮೇಲ್ದರ್ಜೆಯ ಖುಲಾಸೆ ಸಿಆರ್‌ಪಿಸಿಲಿ ಇಲ್ಲವೇ ಇಲ್ಲ ಅಂತ ಸುಪ್ರೀಂ ಕೋರ್ಟೇ 2012ರಲ್ಲಿ ಹೇಳಿದೆ, ಸರ್ಕಾರಿ ನೌಕರರ ಇಲಾಖಾ ವಿಚಾರಣೆಯಂಥ ಕಡೆ ಆ ಮಾತು ಹೆಚ್ಚಾಗಿ ಓಡಾಡುತ್ತೆ. ಗುಜರಾತಿನ ಅಕ್ಷರಧಾಮ ದೇವಸ್ಥಾನದ ಮೇಲೆ 2002ರಲ್ಲಿ ಉಗ್ರರು ಮಾಡಿದ ದಾಳಿಯ ಕೇಸು ನೋಡಿ, ಮೂವರಿಗೆ ಗಲ್ಲು ಅಂತಾಗಿತ್ತು, ಹೈಕೋರ್ಟೂ ಎತ್ತಿ ಹಿಡಿದಿತ್ತು, 2014ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಮೂವರೂ ಸೇರಿ ಆರು ಜನರನ್ನ ಖುಲಾಸೆ ಮಾಡಿ ತನಿಖೆ ಮಾಡಿದವರಿಗೇ ಛೀಮಾರಿ ಹಾಕ್ತು. ಅದನ್ನೂ "ಬಚಾವ್" ಅಂತ ಬರೀತೀರಾ?