ಕಬ್ಬು ಎಳೆಯುವಾಗ ಏಳುವ ಟ್ರ್ಯಾಕ್ಟರಿನ ಮುಂಗಾಲಿ ಉಳುವಾಗ ಏಕೆ ಏಳುವುದಿಲ್ಲ?

ಅಕ್ಕಲಕೋಟ, ಜತ್ತ ತಾಲ್ಲೂಕುಗಳಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಓದುಗರು ಈ ಪ್ರಶ್ನೆ ಕೇಳುತ್ತಾರೆ. ತುಂಬಿದ ಟ್ರೇಲರನ್ನು ಹೊಲದಿಂದ ರಸ್ತೆಗೆ ಹತ್ತಿಸುವಾಗ ನೆಲ ಬಿಟ್ಟು ಏಳುವ ಮುಂಗಾಲಿ, ಅದೇ ಟ್ರ್ಯಾಕ್ಟರ್ ಎರೆ ಹೊಲದಲ್ಲಿ ಪಲ್ಟಿ ನೇಗಿಲು ಎಳೆಯುವಾಗ ಏಳುವುದಿಲ್ಲವೇಕೆ?

ಟ್ರೇಲರ್ ಹಿಂದಕ್ಕೆ ಜಗ್ಗುವುದು ಹುಕ್ಕಿನ ಎತ್ತರದಲ್ಲಿ, ಹಿಂಗಾಲಿ ಮುಂದಕ್ಕೆ ಒತ್ತುವುದು ನೆಲಮಟ್ಟದಲ್ಲಿ. ಈ ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಟ್ರ್ಯಾಕ್ಟರನ್ನು ಹಿಂದಕ್ಕೆ ವಾಲಿಸುವ ಬಲ ಹೆಚ್ಚುತ್ತದೆ. ಒಂದೇ ಅಚ್ಚಿನ ಟ್ರೇಲರಾದರೆ ಕಬ್ಬಿನ ಭಾರದ ಒಂದು ಪಾಲೂ ಹುಕ್ಕಿನ ಮೇಲೆಯೇ ಕೂರುತ್ತದೆ. ಇನ್ನು ಹಿಂಗಾಲಿ ಕೆಸರಿನಲ್ಲಿ ಹೂತಿರುವಾಗ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ, ತಿರುಗಲಾರದ ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಒಡಲೇ ತಿರುಗಿ ಮೇಲೇಳುತ್ತದೆ.

ಮೊದಮೊದಲು ನೇಗಿಲಿಗೂ ಇದೇ ಗತಿಯಿತ್ತು. 1917ರಲ್ಲಿ ಬಂದ ಹೆನ್ರಿ ಫೋರ್ಡನ ಫೋರ್ಡ್‌ಸನ್ ಹಗುರವಾಗಿತ್ತು, ಅಗ್ಗವಾಗಿತ್ತು. ಆದರೆ ಹಿಂದೆ ಕಟ್ಟಿದ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿದಾಗ ಹಿಮ್ಮುಖವಾಗಿ ಮಗುಚಿ ಚಾಲಕರನ್ನು ಕೊಂದ ಕುಖ್ಯಾತಿಯೂ ಅದಕ್ಕಿತ್ತು. ಬೆಲ್‌ಫಾಸ್ಟಿನ ಹ್ಯಾರಿ ಫರ್ಗುಸನ್ ಟ್ರ್ಯಾಕ್ಟರಿನ ತೂಕ ಹೆಚ್ಚಿಸುವ ಸುಲಭದ ದಾರಿ ಹಿಡಿಯದೆ, ನೇಗಿಲನ್ನು ಟ್ರ್ಯಾಕ್ಟರಿನದೇ ಅಂಗವಾಗಿಸಿದ. ನೇಗಿಲನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮೂರು ಲಿಂಕ್‌ಗಳಲ್ಲಿ, ಅಂದರೆ ಸರಳುಗಳಲ್ಲಿ, ಕೆಳಗಿನ ಎರಡು ನೇಗಿಲನ್ನು ಎಳೆಯುತ್ತವೆ; ಮೇಲಿನದೇ ಟಾಪ್ ಲಿಂಕ್. ಕುಳವನ್ನು ಮಣ್ಣು ಹಿಂದಕ್ಕೆ ಹಿಡಿದಾಗ ನೇಗಿಲಿನ ಚೌಕಟ್ಟಿನ ಮೇಲ್ತುದಿ ಮುಂದಕ್ಕೆ ವಾಲಲು ಹೋಗಿ, ಟಾಪ್ ಲಿಂಕಿನ ಮೂಲಕ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತದೆ. ಮುಂಗಾಲಿಯನ್ನು ಹಿಡಿದಿಡುವುದು ಈ ನೂಕು. ಟಾಪ್ ಲಿಂಕಿನ ಒತ್ತಡ ಹೆಚ್ಚಿದಂತೆ ಅಲ್ಲಿನ ಸ್ಪ್ರಿಂಗ್ ಕುಗ್ಗಿ, ಹೈಡ್ರಾಲಿಕ್ ವಾಲ್ವ್ ತೆರೆದು ನೇಗಿಲನ್ನು ತುಸು ಎತ್ತುವ ಏರ್ಪಾಡು 1936ರ ಫರ್ಗುಸನ್-ಬ್ರೌನ್ ಟ್ರ್ಯಾಕ್ಟರಿನಲ್ಲಿ ಮಾರುಕಟ್ಟೆಗೆ ಬಂತು. 1939ರ ಫೋರ್ಡ್ 9ಎನ್ ಅದನ್ನು ಹಲವು ದೇಶಗಳಿಗೆ ಹರಡಿತು. ನಮ್ಮ ಹೊಲಗಳ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರಿನ ಹೆಸರಿನ ಉತ್ತರಾರ್ಧ ಈತನದೇ.

ಟ್ರೇಲರಿಗೆ ಟಾಪ್ ಲಿಂಕ್ ಇಲ್ಲವಾದ್ದರಿಂದ ಈ ರಕ್ಷಣೆ ಅದಕ್ಕೆ ದೊರೆಯುವುದಿಲ್ಲ. ಅಲ್ಲಿರುವ ಉಪಾಯ ಹುಕ್ಕನ್ನು ಅಚ್ಚಿಗಿಂತ ಕೆಳಗಿಡುವುದು: ಮುಂಭಾಗ ಎದ್ದಂತೆ ಹಿಂದಿನ ಹುಕ್ಕು ಇನ್ನಷ್ಟು ಕೆಳಗಿಳಿಯುವುದರಿಂದ ವಾಲಿಸುವ ಬಲ ತಾನಾಗಿಯೇ ಕುಗ್ಗುತ್ತದೆ. ಸಿಕ್ಕಿಬಿದ್ದ ಟ್ರೇಲರನ್ನು ಎಳೆಯಲು ಟಾಪ್ ಲಿಂಕಿನ ಬ್ರ್ಯಾಕೆಟ್ಟಿಗೆ ಸರಪಳಿ ಬಿಗಿಯುವ ಕೆಲವರ ರೂಢಿ, ನನ್ನ ದೃಷ್ಟಿಯಲ್ಲಿ, ಜೀವವನ್ನೇ ಪಣಕ್ಕಿಟ್ಟಂತೆ. ಆ ಜಾಗ ಅಚ್ಚಿಗಿಂತ ಮೇಲಿದೆ. ಮುಂದೆ ತೂಕದ ಕಬ್ಬಿಣ ಕಟ್ಟಿದರೆ ಅನುಕೂಲವೇ ಸರಿ, ಆದರೆ ಗಾಲಿ ಹೂತಾಗ ಮೊದಲು ಹಿಮ್ಮುಖವಾಗಿ ಹೊರತೆಗೆಯಲು ನೋಡಬೇಕು, ಆಗದಿದ್ದರೆ ಒಂದಿಷ್ಟು ಕಬ್ಬು ಇಳಿಸಬೇಕು.