ಇಮೇಜ್ ತೆಳ್ಳಗಿರಲಿ: ಓಎಸ್ ಅಳವಡಿಕೆಯ ಸ್ವಯಂಚಾಲನೆ ಕುರಿತು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಹಾಸನ, ಬೇಲೂರು, ಸಕಲೇಶಪುರದ ಕಾಲೇಜುಗಳಿಂದ, ಸಹಕಾರ ಸಂಘಗಳಿಂದ, ಕಾಫಿ ವ್ಯವಹಾರದ ಕಚೇರಿಗಳಿಂದ ಬರುವ ವಿಚಾರಣೆ ಹೆಚ್ಚುಕಡಿಮೆ ಒಂದೇ ಬಗೆಯದು: ಇಷ್ಟೂ ಕಂಪ್ಯೂಟರ್‌ಗಳಿಗೆ ಹೊಸ ಓಎಸ್ (ಕಾರ್ಯಾಚರಣಾ ವ್ಯವಸ್ಥೆ) ಹಾಕಬೇಕು, ಪ್ರತಿಯೊಂದರ ಮುಂದೆ ಕುಳಿತು ಹಾಕುವಷ್ಟು ಜನರಿಲ್ಲ. ಅದರ ಬೆನ್ನಿಗೇ ಅವರೇ ಪರಿಹಾರವನ್ನೂ ಹೇಳಿಬಿಡುತ್ತಾರೆ. ಒಂದು ಕಂಪ್ಯೂಟರನ್ನು ಎಲ್ಲ ಸಾಫ್ಟ್‌ವೇರ್ ಸಮೇತ ಚೆನ್ನಾಗಿ ಸಿದ್ಧಪಡಿಸಿ, ಅದರ ಡಿಸ್ಕನ್ನೇ ಉಳಿದವಕ್ಕೆ ಇದ್ದಂತೆಯೇ ನಕಲು (ಕ್ಲೋನ್) ಮಾಡಿದರಾಯಿತಲ್ಲ ಎಂದು. ಎಲ್ಲ ಕಂಪ್ಯೂಟರ್‌ಗಳೂ ಒಂದೇ ಮಾದರಿಯವಾಗಿದ್ದು, ಅವುಗಳ ಬಳಕೆಯೂ ಒಂದೇ ಆಗಿದ್ದರೆ ಇದಕ್ಕೆ ಆಕ್ಷೇಪವಿಲ್ಲ. ಆದರೆ ನಮ್ಮ ಕಡೆಯ ಸಂಸ್ಥೆಗಳಲ್ಲಿ ಬೇರೆ ಬೇರೆ ವರ್ಷಗಳ ಟೆಂಡರ್‌ನಲ್ಲಿ ಬಂದ ಬ್ರ್ಯಾಂಡೆಡ್ ಯಂತ್ರಗಳೂ, ಸ್ಥಳೀಯ ಅಂಗಡಿಯಲ್ಲಿ ಜೋಡಿಸಿದವೂ ಒಂದೇ ಕೊಠಡಿಯಲ್ಲಿರುತ್ತವೆ. ಅಂಥಲ್ಲಿ ಈ ದಪ್ಪ ಇಮೇಜ್, ಅಂದರೆ ಎಲ್ಲ ಸಾಫ್ಟ್‌ವೇರ್ ತುಂಬಿದ ಡಿಸ್ಕಿನ ನಕಲು, ಆರು ತಿಂಗಳೂ ಬಾಳುವುದಿಲ್ಲ.

ಕ್ಲೋನ್ ಮಾಡುವವರು ಮೊದಲು ಎಡವುವುದು ವಿಂಡೋಸ್‌ನ ಸಿಸ್‌ಪ್ರೆಪ್ ಉಪಕರಣದ ‘ಜನರಲೈಸ್’ ಹಂತವನ್ನು ಬಿಟ್ಟಾಗ. ಯಂತ್ರಕ್ಕೆ ಅಂಟಿಕೊಂಡ ಗುರುತುಗಳನ್ನು ಅಳಿಸುವ ಈ ಹಂತವಿಲ್ಲದೆ ನಕಲಾದ ವಿಂಡೋಸ್ ಮೇಲ್ನೋಟಕ್ಕೆ ಸರಿಯಾಗಿಯೇ ಓಡುತ್ತದೆ. ತೊಂದರೆ ಬೇರೆ ಕಡೆ ತಲೆ ಎತ್ತುತ್ತದೆ. ಸಂಸ್ಥೆಯೊಳಗಿನ ಕೆಎಂಎಸ್ ಎಂಬ ಲೈಸೆನ್ಸ್ ಸರ್ವರ್ ಮೂಲಕ ಆಕ್ಟಿವೇಶನ್ ನಡೆಯುವಲ್ಲಿ, ಕನಿಷ್ಠ 25 ಕಂಪ್ಯೂಟರ್‌ಗಳು ಕೇಳಿಕೊಂಡ ಮೇಲಷ್ಟೇ ಆ ಸರ್ವರ್ ಡೆಸ್ಕ್‌ಟಾಪ್ ವಿಂಡೋಸ್‌ಗೆ ಮಾನ್ಯತೆ ಕೊಡಲು ಆರಂಭಿಸುತ್ತದೆ. ನಕಲುಗಳೆಲ್ಲ ಒಂದೇ ಕ್ಲೈಂಟ್ ಗುರುತನ್ನು ಹೊತ್ತಿರುವುದರಿಂದ, ಲ್ಯಾಬ್‌ನಲ್ಲಿ 40 ಯಂತ್ರಗಳಿದ್ದರೂ ಸರ್ವರ್‌ನ ಲೆಕ್ಕ ಒಂದನ್ನು ದಾಟುವುದಿಲ್ಲ. ನೆಟ್‌ವರ್ಕ್ ಸರಿಯಿಲ್ಲ, ಫೈರ್‌ವಾಲ್ ತಡೆಯುತ್ತಿದೆ ಎಂದು ದಿನಗಟ್ಟಲೆ ಹುಡುಕಾಡುವವರನ್ನು ಕಂಡಿದ್ದೇನೆ.

ನಾನು ಶಿಫಾರಸು ಮಾಡುವುದು ತೆಳ್ಳನೆಯ ಇಮೇಜನ್ನು. ಮೈಕ್ರೋಸಾಫ್ಟ್ ಕೊಡುವ, ವಿಂಡೋಸ್ ಅಡಕವಾಗಿರುವ ಇನ್‌ಸ್ಟಾಲ್.ವಿಮ್ ಕಡತಕ್ಕೆ, ಇಮೇಜ್ ತಿದ್ದುವ ಡಿಸ್ಮ್ ಉಪಕರಣದಿಂದ ಇತ್ತೀಚಿನ ಅಪ್‌ಡೇಟ್‌ಗಳನ್ನು ಸೇರಿಸಿ, ಅಷ್ಟಕ್ಕೇ ಬಿಡಬೇಕು. ಡಿಸ್ಕ್ ವಿಭಜನೆ, ಭಾಷೆ, ಕಾಲವಲಯ, ಅಡ್ಮಿನ್ ಖಾತೆ ಇವೆಲ್ಲಕ್ಕೂ ಅನ್‌ಅಟೆಂಡ್.ಎಕ್ಸ್‌ಎಂಎಲ್ ಎಂಬ ಉತ್ತರ ಕಡತ ಇದೆ. ಸೆಟಪ್ ಕೇಳುವ ಪ್ರಶ್ನೆಗಳಿಗೆ ಅದೇ ಉತ್ತರಿಸುತ್ತದೆ. ಲಿನಕ್ಸ್‌ನಲ್ಲಿ ಇದೇ ಕೆಲಸವನ್ನು ರೆಡ್ ಹ್ಯಾಟ್ ಬಳಗದಲ್ಲಿ ಕಿಕ್‌ಸ್ಟಾರ್ಟ್, ಡೆಬಿಯನ್‌ನಲ್ಲಿ ಪ್ರಿಸೀಡ್, ಉಬುಂಟುವಿನಲ್ಲಿ ಆಟೋಇನ್‌ಸ್ಟಾಲ್ ಮಾಡುತ್ತವೆ. ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲದ ಕಾರಣ ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಲ್ಯಾಬ್ ಯಂತ್ರಗಳಿಗೆ ಲಿನಕ್ಸೇ ಗತಿಯಾಗುವುದರಿಂದ, ಎರಡೂ ದಾರಿಗಳನ್ನು ಒಂದೇ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಡ್ರೈವರ್‌ಗಳು ಯಂತ್ರದ ಮಾದರಿಗೊಂದು ಫೋಲ್ಡರಿನಲ್ಲಿರಲಿ. ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶ, ಹಳೆಯ ಕಡತಗಳಿಗೆ ಬೇಕಾದ ತುಂಗಾ ಫಾಂಟ್, ಡಿಜಿಟಲ್ ಸಹಿಯ ಟೋಕನ್‌ಗೆ ಬೇಕಾದ ಡ್ರೈವರ್, ಲೆಕ್ಕಪತ್ರದ ಸಾಫ್ಟ್‌ವೇರ್ ಎಲ್ಲವೂ ಓಎಸ್ ಕೂತ ಮೇಲೆ ಸ್ಕ್ರಿಪ್ಟ್ ಮೂಲಕ ಬರಲಿ. ತುಂಗಾ ಈಗ ವಿಂಡೋಸ್‌ನೊಳಗೆ ತಾನಾಗಿ ಬರುವುದಿಲ್ಲ, ‘ಕನ್ನಡ ಪೂರಕ ಫಾಂಟ್‌ಗಳು’ ಎಂಬ ಐಚ್ಛಿಕ ಘಟಕವಾಗಿ ಸೇರಿಸಿಕೊಳ್ಳಬೇಕು ಎಂಬುದು ಹಳೆಯ ಸುತ್ತೋಲೆಗಳ ವಿನ್ಯಾಸ ಕೆಟ್ಟ ಮೇಲೆಯೇ ಅನೇಕ ಕಚೇರಿಗಳ ಗಮನಕ್ಕೆ ಬರುತ್ತದೆ.

ತೆಳುವಾಗಿರುವುದರ ಲಾಭ ನೆಟ್‌ವರ್ಕ್ ಮೇಲೆ ಕಾಣುತ್ತದೆ. ಎಲ್ಲ ಸಾಫ್ಟ್‌ವೇರ್ ತುಂಬಿದ 40 ಜಿಬಿ ಇಮೇಜನ್ನು 40 ಯಂತ್ರಗಳಿಗೆ ಬೇರೆಬೇರೆಯಾಗಿ ಕಳಿಸಿದರೆ ಒಟ್ಟು 1,600 ಜಿಬಿ ಆಗುತ್ತದೆ. ಸರ್ವರ್‌ನ ಒಂದು ಗಿಗಾಬಿಟ್ ಕೊಂಡಿ ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ ಸಾಗಿಸುವುದರಿಂದ, ಯಾವ ಅಡ್ಡಿಯಿಲ್ಲದಿದ್ದರೂ ಮೂರೂವರೆ ಗಂಟೆ ಬೇಕು. 6 ಜಿಬಿಯ ಇಮೇಜಾದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. (ಆಮೇಲೆ ಸಾಫ್ಟ್‌ವೇರ್‌ಗಳೂ ಅದೇ ತಂತಿಯ ಮೇಲೆ ಬರಬೇಕಲ್ಲ ಎನ್ನಬಹುದು. ನಿಜ, ಆದರೆ ಅವು ಬೇಕಾದ ಯಂತ್ರಗಳಿಗೆ ಮಾತ್ರ ಬರುತ್ತವೆ. ಗುಮಾಸ್ತರ ಮೇಜಿಗೆ ಕ್ಯಾಡ್ ಸಾಫ್ಟ್‌ವೇರ್ ಹೋಗುವುದಿಲ್ಲ.) ದಪ್ಪ ಇಮೇಜೇ ಬೇಕೆನ್ನುವವರು ಫಾಗ್‌ನಂಥ ಉಚಿತ ವ್ಯವಸ್ಥೆಯ ಮಲ್ಟಿಕಾಸ್ಟ್ ಬಳಸುತ್ತಾರೆ. ಅದರಲ್ಲಿ ಸರ್ವರ್ ಒಮ್ಮೆ ಕಳಿಸಿದ್ದನ್ನು ಎಲ್ಲ ಯಂತ್ರಗಳೂ ಒಟ್ಟಿಗೆ ಪಡೆಯುತ್ತವೆ, ಆದರೆ ಎಲ್ಲವೂ ಅತಿ ನಿಧಾನದ ಯಂತ್ರದ ವೇಗದಲ್ಲೇ ಸಾಗುತ್ತವೆ. ಗಿಗಾಬಿಟ್ ವೇಗಕ್ಕೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಬೇಕು. ಇಲಿ ಕಚ್ಚಿಯೋ ಕ್ರಿಂಪ್ ಸಡಿಲಾಗಿಯೋ ಒಂದು ಕೇಬಲ್ 100 ಮೆಗಾಬಿಟ್‌ಗೆ ಇಳಿದಿದ್ದರೆ, ಇಡೀ ಲ್ಯಾಬಿಗೆ ಒಂದು ಗಂಟೆಯ ಹತ್ತಿರ ಹಿಡಿಯುತ್ತದೆ.

ಇದೆಲ್ಲ ಶುರುವಾಗುವುದು ಪಿಎಕ್ಸ್‌ಇ ಬೂಟ್‌ನಿಂದ, ಅಂದರೆ ಯಂತ್ರ ನೆಟ್‌ವರ್ಕ್ ಮೂಲಕ ಚಾಲೂ ಆಗುವುದರಿಂದ. ಯಂತ್ರ ತನ್ನ ಡಿಸ್ಕನ್ನು ನೋಡುವ ಮೊದಲು ನೆಟ್‌ವರ್ಕ್‌ನಲ್ಲಿ ಡಿಎಚ್‌ಸಿಪಿ ಮೂಲಕ ವಿಳಾಸ ಕೇಳುತ್ತದೆ, ಬೂಟ್ ಸರ್ವರ್ ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ, ಅಲ್ಲಿಂದ ಟಿಎಫ್‌ಟಿಪಿ ಎಂಬ ಸರಳ ಕಡತ ವರ್ಗಾವಣೆ ವಿಧಾನದಲ್ಲಿ ಪುಟ್ಟ ಬೂಟ್ ಕಡತವನ್ನು ಇಳಿಸಿಕೊಳ್ಳುತ್ತದೆ. ಯಂತ್ರವನ್ನು ಚಾಲೂ ಮಾಡುವ ಒಳತಂತ್ರಾಂಶ ಹಳೆಯ ಬಯಾಸ್ ಆಗಿರುವಲ್ಲಿ ಬೂಟ್ ಕಡತ ಬೇರೆ, ಹೊಸ ಯುಇಎಫ್‌ಐ ಆಗಿರುವಲ್ಲಿ ಬೇರೆ. ಡಿಎಚ್‌ಸಿಪಿಯ 66 ಮತ್ತು 67ನೇ ಆಯ್ಕೆಗಳಲ್ಲಿ (ಸರ್ವರ್ ಮತ್ತು ಬೂಟ್ ಕಡತದ ಹೆಸರುಗಳು) ಎಲ್ಲ ಯಂತ್ರಗಳಿಗೂ ಒಂದೇ ಬೂಟ್ ಕಡತವನ್ನು ಕಟ್ಟಿಟ್ಟರೆ ಅರ್ಧ ಯಂತ್ರಗಳು ಬೂಟ್ ಆಗುವುದಿಲ್ಲ. ಇಂಟರ್‌ನೆಟ್ ಕಂಪನಿಯ ರೌಟರ್ ಹಂಚುವ ಡಿಎಚ್‌ಸಿಪಿಯನ್ನು ಬದಲಿಸಲಾಗದ ಸಣ್ಣ ಕಚೇರಿಗಳಲ್ಲಿ ಪ್ರಾಕ್ಸಿ ಡಿಎಚ್‌ಸಿಪಿ ಇಟ್ಟರೆ ಸಾಕು. ಅದು ವಿಳಾಸ ಹಂಚುವುದಿಲ್ಲ, ಬೂಟ್ ಮಾಹಿತಿಯನ್ನಷ್ಟೇ ಕೊಡುತ್ತದೆ. ವಿಂಡೋಸ್ 11ರ ಡಿಸ್ಕಿನ ಬೂಟ್.ವಿಮ್ ಕಡತವನ್ನು ನೇರವಾಗಿ ಡಬ್ಲ್ಯುಡಿಎಸ್ ಎಂಬ ವಿಂಡೋಸ್ ಸರ್ವರ್‌ನ ಅಳವಡಿಕೆ ಸೇವೆಗೆ ಕೊಟ್ಟು ಅಳವಡಿಸುವ ಹಳೆಯ ದಾರಿಯನ್ನು ಮೈಕ್ರೋಸಾಫ್ಟ್ ಮುಚ್ಚಿದೆ. ನಾವೇ ಸಿದ್ಧಪಡಿಸಿದ ವಿಂಡೋಸ್ ಪಿಇ (ಅಳವಡಿಕೆಗೆ ಬಳಸುವ ಪುಟ್ಟ ವಿಂಡೋಸ್) ಇಮೇಜನ್ನು ಬೂಟ್ ಮಾಡಲು ಡಬ್ಲ್ಯುಡಿಎಸ್ ಈಗಲೂ ಆಗುತ್ತದೆ. ಮೈಕ್ರೋಸಾಫ್ಟ್‌ನ ಆಟೋಪೈಲಟ್ ಸೊಗಸಾದ ವ್ಯವಸ್ಥೆಯೇ, ಆದರೆ ಅದು ತಯಾರಕರು ಹಾಕಿಕೊಟ್ಟ ವಿಂಡೋಸನ್ನು ಕ್ಲೌಡ್‌ನಿಂದ ಹೊಂದಿಸುತ್ತದೆ. ಚಂದಾ ಲೈಸೆನ್ಸ್ ಬೇಕು, ಮಳೆಗಾಲದಲ್ಲೂ ಕಡಿಯದ ಇಂಟರ್‌ನೆಟ್ ಬೇಕು.

ಯಂತ್ರಕ್ಕೆ ಹೆಸರಿಡುವುದನ್ನು ಎಲ್ಲರೂ ಕೊನೆಗೆ ಯೋಚಿಸುತ್ತಾರೆ. ಬಯಾಸ್‌ನ ಸೀರಿಯಲ್ ನಂಬರನ್ನೇ ಹೆಸರಾಗಿಸುವ ಸ್ಕ್ರಿಪ್ಟ್ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಜೋಡಿಸಿದ ಯಂತ್ರಗಳ ಮದರ್‌ಬೋರ್ಡ್‌ನಲ್ಲಿ ಮಾತ್ರ ಆ ಜಾಗದಲ್ಲಿ ಎಷ್ಟೋ ಸಲ ‘ಟು ಬಿ ಫಿಲ್ಡ್ ಬೈ ಒ.ಇ.ಎಂ.’ (ತಯಾರಕರು ತುಂಬಬೇಕು) ಎಂಬ ವಾಕ್ಯವೇ ಉಳಿದಿರುತ್ತದೆ, ಸ್ಕ್ರಿಪ್ಟ್ ಹತ್ತು ಯಂತ್ರಗಳಿಗೂ ಅದನ್ನೇ ಹೆಸರಾಗಿಸಲು ಹೊರಡುತ್ತದೆ. ಆದ್ದರಿಂದ ಮೊದಲು ಪ್ರತಿ ಯಂತ್ರದ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ), ಕೊಠಡಿ, ಆಸ್ತಿ ಸಂಖ್ಯೆಗಳ ಪಟ್ಟಿ ಮಾಡಿ, ಸ್ಕ್ರಿಪ್ಟ್ ಹೆಸರನ್ನು ಆ ಪಟ್ಟಿಯಿಂದ ಓದುವಂತೆ ಮಾಡುವುದು ಮೇಲು. ಹೆಸರು 15 ಅಕ್ಷರ ಮೀರಬಾರದು. ಪಟ್ಟಿ ಮಾಡಲು ಓಡಾಡುವಾಗಲೇ ಡೆಸ್ಕ್‌ಟಾಪ್ ಮೇಲೆ ಯಾರ್ಯಾರು ಏನೇನು ಉಳಿಸಿಕೊಂಡಿದ್ದಾರೆ ಎಂಬುದನ್ನೂ ನೋಡಿಕೊಳ್ಳಬಹುದು, ಏಕೆಂದರೆ ಉತ್ತರ ಕಡತಕ್ಕೆ ಡಿಸ್ಕ್ ಅಳಿಸು ಎಂದು ಬರೆದ ಮೇಲೆ ಅದು ಯಾರನ್ನೂ ಕೇಳುವುದಿಲ್ಲ.

ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಮೂರು ನಾಲ್ಕು ಯಂತ್ರಗಳಿರುವ ಶಾಖೆಗಳಿಗೆ ಸರ್ವರ್ ಇಡುವುದು ದಂಡ. ಅಲ್ಲಿಗೆ ಅದೇ ಇಮೇಜ್ ಮತ್ತು ಉತ್ತರ ಕಡತ ಪೆನ್‌ಡ್ರೈವ್‌ನಲ್ಲಿ ಹೋಗಲಿ. ಯುಇಎಫ್‌ಐ ಬೂಟ್‌ಗೆ ಪೆನ್‌ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟ್‌ನಲ್ಲಿರುವುದು ಸುರಕ್ಷಿತ, ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಯದು. ಡಿಸ್ಮ್‌ನಿಂದ ಇಮೇಜನ್ನು ಎಸ್‌ಡಬ್ಲ್ಯುಎಂ ತುಂಡುಗಳಾಗಿ ಒಡೆದರೆ ಸೆಟಪ್ ತಾನೇ ಜೋಡಿಸಿಕೊಳ್ಳುತ್ತದೆ. ಆಷಾಢದ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ಕಾರಣ ಯುಪಿಎಸ್ ಇಲ್ಲದೆ ಶುರು ಮಾಡಬಾರದು. ಇನ್ನು ಆ ಉತ್ತರ ಕಡತದಲ್ಲಿರುವ ಅಡ್ಮಿನ್ ಪಾಸ್‌ವರ್ಡ್ ಮರೆಮಾಚಿದಂತೆ ಕಂಡರೂ ಅದು ಬೇಸ್64 ಎಂಬ ಸರಳ ಸಂಕೇತರೂಪ ಮಾತ್ರ, ಯಾರು ಬೇಕಾದರೂ ಬಿಡಿಸಿ ಓದಬಹುದು. ಅದರ ಪ್ರತಿ ವಿಂಡೋಸ್‌ನ ಪ್ಯಾಂಥರ್ ಫೋಲ್ಡರಿನಲ್ಲೂ ಉಳಿಯಬಹುದು. ಹಾಗಾಗಿ ಅಲ್ಲಿ ತಾತ್ಕಾಲಿಕ ಪಾಸ್‌ವರ್ಡನ್ನೇ ಬರೆದು, ಕೊನೆಯ ಸ್ಕ್ರಿಪ್ಟ್ ಅದನ್ನು ಬದಲಿಸಿ ಆ ಪ್ರತಿಯನ್ನೂ ಅಳಿಸುವಂತೆ ನೋಡಿಕೊಳ್ಳಬೇಕು. ಪೆನ್‌ಡ್ರೈವ್ ಶಾಖೆಯಲ್ಲೇ ಉಳಿಯದೆ ಹಾಸನಕ್ಕೆ ವಾಪಸ್ ಬರಬೇಕು.